ಅಕ್ಷತೆ ಬಿದ್ದ ಕಂಪ್ಯೂಟರು

ಮೊನ್ನೆ ಗೌರಿ ಹಬ್ಬದ ಹಿಂದಿನ ದಿನ ಎದುರು ಮನೆಯ ಪದ್ಮಾ ಬಾಗಿನಕ್ಕೆ ಒಂದು ಜೊತೆ ಬಳೆ-ಬಿಚ್ಚೋಲೆ ಕಡಿಮೆ ಬಿದ್ದಿದೆ ಎಂದು ಕೇಳಿಕೊಂಡು ಬಂದರು. ನಾನು ಬೀರುವಿನ ಮೇಲಿಂದ ಡಬ್ಬ ಇಳಿಸಿ ಅವರ ಮುಂದಿಟ್ಟೆ. ಡಬ್ಬದ ಮೇಲೆ ಕೆಂಪು ಕಣ್ಣಿನ, ಬಾಯಿಂದ ಬೆಂಕಿ ಕಾರುವ ಯಾವುದೋ ಪ್ರಾಣಿಯ ಚಿತ್ರವಿತ್ತು. ಗೌರಮ್ಮನ ಸಾಮಾನನ್ನು ಇಂಥದ್ದರೊಳಗೆ ಇಡುವವರನ್ನು ಅವರು ಹಿಂದೆ ಕಂಡಿರಲಿಲ್ಲವೆಂದು ತೋರುತ್ತದೆ.

“ಏನ್ರೀ ಶೈಲಾ ಇದು?”

“ಮದರ್‌ಬೋರ್ಡ್ ಬಂದಿದ್ದ ಡಬ್ಬ ಕಣ್ರೀ. ಗಟ್ಟಿಯಾಗಿದೆ ಅಂತ ಇಟ್ಕೊಂಡೆ.”

“ಮದರ್‌ಬೋರ್ಡಾ? ನಿಮಗ್ಯಾಕ್ರೀ ಅದು?”

ಪಾಪ, ಕೇಳಬಾರದಿತ್ತು. ಎರಡು ನಿಮಿಷಕ್ಕೆಂದು ಬಂದವರು ಮುಕ್ಕಾಲು ಗಂಟೆ ಕೂತು, ಎರಡು ಲೋಟ ಕಾಫಿ ಕುಡಿದು, ಕೊನೆಗೆ ಬಿಚ್ಚೋಲೆಯನ್ನು ಇಲ್ಲೇ ಮರೆತು ಹೋದರು. ಆ ಡಬ್ಬಕ್ಕೆ ಕೈ ತಾಗಿದರೆ ಸಾಕು, ನನಗೆ ಹೀಗಾಗುತ್ತದೆ. ಈಗ ನೀವು ಸಿಕ್ಕಿದ್ದೀರಿ.

ಸಂಗತಿ ಇಷ್ಟೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ, ಅರವತ್ತೊಂದು ವರ್ಷದ ನಾನು ನನ್ನ ಚಿಕ್ಕಮ್ಮನಿಗೆ ಒಂದು ಕಂಪ್ಯೂಟರು ಮಾಡಿಕೊಟ್ಟಿದ್ದೇನೆ. ಅಂಗಡಿಯಿಂದ ತಂದು ಕೊಟ್ಟಿದ್ದಲ್ಲ. ಒಂದೊಂದೇ ಭಾಗ ಆರಿಸಿ, ಸ್ಕ್ರೂ ತಿರುಗಿಸಿ, ಕೈಯಾರೆ ಕಟ್ಟಿದ್ದು. ಇದನ್ನು ನಾನೇ ಹೇಳಿಕೊಳ್ಳಬಾರದು ಎಂದು ಗೊತ್ತು. ಆದರೆ ನಾನು ಹೇಳದಿದ್ದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಹೇಳದಿರುವುದಕ್ಕೆ ಕಾರಣವೂ ಇದೆ. ಚಿಕ್ಕಂದಿನಲ್ಲಿ ನನಗೆ ಮನೆಯವರೆಲ್ಲ ಇಟ್ಟಿದ್ದ ಹೆಸರು ‘ಬಿಚ್ಚೋ ಶೈಲಾ’. ತ್ಯಾಗರಾಜನಗರದ ನಮ್ಮ ಹಳೆಯ ಮನೆಯಲ್ಲಿ ನಾನು ಬಿಚ್ಚದೆ ಬಿಟ್ಟ ವಸ್ತುವಿರಲಿಲ್ಲ. ಟಾರ್ಚು ಬಿಚ್ಚಿದೆ, ಇಸ್ತ್ರಿ ಪೆಟ್ಟಿಗೆ ಬಿಚ್ಚಿದೆ, ಅಣ್ಣ ಅಂದರೆ ನಮ್ಮ ತಂದೆಯವರು ಆಫೀಸಿಗೆ ಹೋದಾಗ ಅವರ ರೇಡಿಯೋ ಬಿಚ್ಚಿದೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮುಚ್ಚಿದ ಮೇಲೆ ಮಾತ್ರ ಯಾವಾಗಲೂ ಒಂದೋ ಎರಡೋ ಸ್ಕ್ರೂ ಉಳಿದುಬಿಡುತ್ತಿದ್ದವು. ಅವನ್ನು ನಾನು ಯಾರಿಗೂ ಕಾಣದಂತೆ ತುಳಸಿ ಕುಂಡದ ಮಣ್ಣಿನಲ್ಲಿ ಹೂಳುತ್ತಿದ್ದೆ. ಆ ತುಳಸಿಗೆ ಸಿಕ್ಕಷ್ಟು ಕಬ್ಬಿಣದ ಅಂಶ ಇಡೀ ಬಡಾವಣೆಯಲ್ಲಿ ಬೇರೆ ಯಾವ ಗಿಡಕ್ಕೂ ಸಿಕ್ಕಿರಲಾರದು.

ಆಗ ನಮ್ಮ ಜೊತೆಯಲ್ಲೇ ಇದ್ದವರು ಅಮ್ಮನ ತಂಗಿ, ರುಕ್ಮಿಣಿ ಚಿಕ್ಕಮ್ಮ. ಚಾಮರಾಜಪೇಟೆಯ ಒಂದು ಮುದ್ರಣಾಲಯಕ್ಕೆ ಕರಡು ತಿದ್ದುತ್ತಿದ್ದರು. ಅಚ್ಚಾಗುವ ಮುಂಚೆ ಪುಸ್ತಕದ ತಪ್ಪುಗಳನ್ನೆಲ್ಲ ಹುಡುಕಿ ಗುರುತು ಹಾಕುವ ಕೆಲಸ. ಸಂಜೆ ಬರುವಾಗ ಅವರ ಚೀಲದಲ್ಲಿ ಮಸಿಯ ವಾಸನೆಯ ಉದ್ದುದ್ದ ಹಾಳೆಗಳಿರುತ್ತಿದ್ದವು. ಊಟದ ಹೊತ್ತಿನ ತನಕ ನಾನು ಮೂಲ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅವರು ಪೆನ್ಸಿಲ್ಲಿನ ತುದಿಯಿಂದ ಅಚ್ಚಿನ ಅಕ್ಷರಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಬೇಕು. ಚಿಹ್ನೆಗಳನ್ನೂ ಬಿಡುವಂತಿಲ್ಲ. “ರಾಜನು ಬೇಟೆಗೆ ಹೊರಟನು ಅಲ್ಪವಿರಾಮ ಆದರೆ ಮಂತ್ರಿಯು ಹೊರಡಲಿಲ್ಲ ಪೂರ್ಣವಿರಾಮ” ಎಂದು ಓದುವುದು ನನಗೆ ಎಷ್ಟು ಅಭ್ಯಾಸವಾಯಿತೆಂದರೆ, ಒಂದು ದಿನ ಶಾಲೆಯಲ್ಲಿ ಪಾಠವನ್ನೂ ಹಾಗೆಯೇ ಓದಿ ಇಡೀ ತರಗತಿಯನ್ನು ನಗಿಸಿದೆ. ಮೇಷ್ಟರು ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರು.

ನಾನು ಕಥೆಯಲ್ಲಿ ಮುಳುಗಿ ವೇಗ ಹೆಚ್ಚಿಸಿದರೆ ಚಿಕ್ಕಮ್ಮ ತಲೆಗೆ ಮೊಟಕುತ್ತಿದ್ದರು. “ಅರ್ಥ ಮಾಡ್ಕೋಬೇಡ ಶೈಲಾ, ಬರೀ ಓದು. ಅರ್ಥ ಮಾಡ್ಕೊಂಡು ಓದೋರಿಗೆ ತಪ್ಪು ಕಾಣಲ್ಲ.” ಶಾಲೆಯಲ್ಲಿ ಹೇಳಿಕೊಡುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಯಾವುದನ್ನು ನಂಬಬೇಕೋ ತಿಳಿಯದೆ ನಾನು ಗಣಿತ ತೆಗೆದುಕೊಂಡೆ.

ಚಿಕ್ಕಮ್ಮ ಮದುವೆಯ ಗೊಡವೆಗೆ ಹೋಗಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಐವತ್ತು ವರ್ಷ ಅದೇ ಕೆಲಸ ಮಾಡಿದರು. ಈಗ ಅವರಿಗೆ ಎಪ್ಪತ್ತೇಳು. ಯಾರಾದರೂ ಮದುವೆಗೆ ಕರೆಯಲು ಬಂದರೆ ಲಗ್ನಪತ್ರಿಕೆಯನ್ನು ಅವರೆದುರಿಗೇ ಓದಿ, ತಪ್ಪಿಗೆ ಸೊನ್ನೆ ಸುತ್ತಿ ವಾಪಸು ಕೊಟ್ಟುಬಿಡುತ್ತಾರೆ. ಈ ಕಾರಣಕ್ಕೆ ನಮ್ಮ ನೆಂಟರಲ್ಲಿ ಅರ್ಧ ಜನ ಅವರನ್ನು ಫೋನಿನಲ್ಲೇ ಕರೆಯುತ್ತಾರೆ.

ಕಳೆದ ವರ್ಷ ಮುದ್ರಣಾಲಯದ ಗಿರೀಶ ಚಿಕ್ಕಮ್ಮನಿಗೆ ಫೋನು ಮಾಡಿದ. ಹಳೆಯ ಮಾಲೀಕರ ಮಗ, ಒಳ್ಳೆಯ ಹುಡುಗ. ಇನ್ನು ಮೇಲೆ ಕಾಗದದಲ್ಲಿ ಕರಡು ತೆಗೆದು ಕಳಿಸುವುದಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ ಎಂದ. “ನೀವೂ ಇಷ್ಟು ವರ್ಷ ದುಡಿದಿದ್ದೀರಮ್ಮ, ಕಣ್ಣಿನ ಆಪರೇಷನ್ ಬೇರೆ ಆಯ್ತು. ಇನ್ನು ಆರಾಮಾಗಿ ರೆಸ್ಟ್ ತಗೊಳ್ಳಿ” ಎಂದ. ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಚಿಕ್ಕಮ್ಮ ಆ ಮಧ್ಯಾಹ್ನವೇ ಜಯನಗರದ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ ಕೂತರು.

“ನಂಗೆ ಕಣ್ಣು ಕಾಣ್ಸಲ್ಲ ಅಂದ್ಕೊಂಡ್ಬಿಟ್ಟನೇನೇ ಅವನು?”

ಅವರ ದನಿ ಹಾಗೆ ಇಳಿದದ್ದನ್ನು ನಾನು ಅಮ್ಮ ತೀರಿಕೊಂಡ ದಿನವೂ ಕೇಳಿರಲಿಲ್ಲ. ನಾನೇ ಗಿರೀಶನಿಗೆ ಫೋನು ಹಚ್ಚಿ ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಎರಡು ತಿಂಗಳ ಗಡುವು ಕೇಳಿದರು. ಕಂಪ್ಯೂಟರಿನಲ್ಲೇ ತಿದ್ದಿ ಕೊಡುತ್ತೇನೆ, ಆಗದಿದ್ದರೆ ಆಮೇಲೆ ನಿನ್ನ ಇಷ್ಟ ಎಂದರು. ಅವನು ನಕ್ಕು, ಆಗಲಿ, ಒಂದು ಚಿಕ್ಕ ಪುಸ್ತಿಕೆ ಕಳಿಸಿ ನೋಡುತ್ತೇನೆ ಎಂದ.

ಫೋನಿಟ್ಟ ಮೇಲೆ ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ನಮ್ಮವರ ಮುಖ ನೋಡಿದೆ. ನಮ್ಮವರು ಪೇಪರಿನಿಂದ ತಲೆಯೆತ್ತದೆ, “ಒಂದು ಲ್ಯಾಪ್‌ಟಾಪ್ ತಗೊಂಡ್ರೆ ಮುಗೀತಲ್ಲ” ಎಂದರು.

ಮುಗಿಯುತ್ತಿರಲಿಲ್ಲ. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಪುಸ್ತಕದ ಪುಟ ತೆಗೆದು ತೋರಿಸಿದೆವು. ಅಡ್ಡ ಪರದೆ, ಉದ್ದ ಪುಟ. ಅರ್ಧ ಪುಟ ಕಾಣುತ್ತದೆ, ಮಿಕ್ಕರ್ಧಕ್ಕೆ ಜಾರಿಸಬೇಕು. ಜಾರಿಸಿದಾಗ ಚಿಕ್ಕಮ್ಮನ ಕಣ್ಣು ಸಾಲು ತಪ್ಪುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಪುಟ ಇನ್ನೂ ಚೂರಾಗುತ್ತದೆ. ಪರದೆಯನ್ನೇ ಎತ್ತಿ ಉದ್ದಕ್ಕೆ ತಿರುಗಿಸಿ ನಿಲ್ಲಿಸಬಹುದಾದ ಮಾನಿಟರುಗಳಿವೆ ಎಂದು ನಾನು ವಿಡಿಯೋ ನೋಡಿ ಕಂಡುಕೊಂಡೆ. ಹಾಗಾದರೆ ದುಡ್ಡಿನ ಬಹುಪಾಲು ಮಾನಿಟರಿಗೆ ಹೋಗಲಿ, ಪೆಟ್ಟಿಗೆಯೊಳಗಿನದು ಸಾಧಾರಣದ್ದೇ ಸಾಕು, ಅದನ್ನು ನಾವೇ ಜೋಡಿಸಿದರಾಯಿತು ಎಂದು ಹೇಳಿದೆ. ನಿಜ ಹೇಳಬೇಕೆಂದರೆ ಕಂಪ್ಯೂಟರು ಕಟ್ಟಬೇಕೆಂದು ನನಗೇ ಕೈ ತುರಿಸುತ್ತಿತ್ತು.

“ಬಿಚ್ಚೋದು ನಿನಗೆ ಗೊತ್ತು ಶೈಲಾ, ಕೂಡ್ಸೋದು?” ಎಂದರು ನಮ್ಮವರು. ಮದುವೆಯಾಗಿ ಮೂವತ್ತಾರು ವರ್ಷವಾಗಿದೆ. ಆ ಹೆಸರನ್ನು ಅವರಿಗೆ ಯಾರು ಹೇಳಿದರೋ ನನಗೆ ಇನ್ನೂ ಗೊತ್ತಾಗಿಲ್ಲ.

ಮುಂದಿನ ಹದಿನೈದು ದಿನ ನಾನು ಒಂದು ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದು ಕೂತೆ. ಕಂಪ್ಯೂಟರಿನ ಭಾಗಗಳನ್ನು ಆರಿಸುವುದೆಂದರೆ ಥೇಟ್ ಜಾತಕ ಕೂಡಿಸುವ ಕೆಲಸ. ಲೆಕ್ಕವೆಲ್ಲ ಮಾಡುವುದು ಪ್ರೊಸೆಸರು, ಅದು ಕೂರುವುದು ಮದರ್‌ಬೋರ್ಡಿನ ಮೇಲೆ. ಎಲ್ಲ ಪ್ರೊಸೆಸರೂ ಎಲ್ಲ ಬೋರ್ಡಿಗೂ ಹೊಂದುವುದಿಲ್ಲ. ಅವೆರಡೂ ಕೂಡಿಬಂದರೆ ಆ ಬೋರ್ಡಿಗೆ ರ್‍ಯಾಮ್ ಹೊಂದುವುದಿಲ್ಲ. ಅದೂ ಆಯಿತೆನ್ನುವಷ್ಟರಲ್ಲಿ ಪೆಟ್ಟಿಗೆಯೇ ಚಿಕ್ಕದಾಗುತ್ತದೆ. ಮೂರು ಪಟ್ಟಿ ಹರಿದು ನಾಲ್ಕನೆಯದು ಬರೆದಾಗ ನನಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಷ್ಟು ಅನುಭವ ಬಂದಿತ್ತು.

ನಾನೂ ಚಿಕ್ಕಮ್ಮನೂ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು, ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ನಮ್ಮಿಬ್ಬರ ಹಿಂದೆ ಇನ್ನು ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದರು.

“ಮೊಮ್ಮಗನಿಗಾ ಮೇಡಂ? ಗೇಮಿಂಗಾ?”

“ನನಗೇ” ಎಂದರು ಚಿಕ್ಕಮ್ಮ.

ಅಂಗಡಿಯವರು ಮೊದಲು ತೋರಿಸಿದ ಕ್ಯಾಬಿನೆಟ್ಟಿನೊಳಗೆ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯೊಳಗೆ, ಕೆಂಪು, ಹಸಿರು, ನೀಲಿ ದೀಪಗಳು ಗಣೇಶನ ಪೆಂಡಾಲಿನಂತೆ ಓಡಾಡುತ್ತಿದ್ದವು.

“ಇದು ಸಖತ್ತಾಗಿ ಹೋಗ್ತಿದೆ ಮೇಡಂ. ಫುಲ್ ಲೈಟಿಂಗು.”

“ಲೈಟು ನಮ್ಮನೇಲಿದೆಯಪ್ಪ. ಸುಮ್ನಿರೋ ಪೆಟ್ಟಿಗೆ ಯಾವುದಾದ್ರೂ ಇದ್ರೆ ಕೊಡಿ” ಎಂದರು ಚಿಕ್ಕಮ್ಮ.

ದೀಪವಿಲ್ಲದ ಕರಿಯ ಪೆಟ್ಟಿಗೆಯೊಂದನ್ನು ಹುಡುಕಿ, ಧೂಳು ಕೊಡವಿ ತಂದರು. ನಾನು ಉಳಿದ ಭಾಗಗಳನ್ನು ಓದಿ ಹೇಳಿದೆ, ಅವರು ಕೊಟೇಷನ್ ಮುದ್ರಿಸಿ ಕೊಟ್ಟರು. ಎಲ್ಲ ಸರಿಯಾಗಿದೆ ಎಂದು ನಾನು ತಲೆಯಾಡಿಸುವಷ್ಟರಲ್ಲಿ ಚಿಕ್ಕಮ್ಮ ಕೈಚೀಲದಿಂದ ಪೆನ್ಸಿಲ್ ತೆಗೆದರು. ನನ್ನ ನೋಟ್‌ಬುಕ್ಕು ಒಂದು ಕಡೆ, ಕೊಟೇಷನ್ ಒಂದು ಕಡೆ ಇಟ್ಟುಕೊಂಡು, ಅರ್ಥವಾಗದ ಆ ಇಂಗ್ಲಿಷ್ ಅಕ್ಷರ ಅಂಕಿಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದರು. ಪ್ರೊಸೆಸರಿನ ಹೆಸರಿನ ತುದಿಯಲ್ಲಿ ಪೆನ್ಸಿಲ್ ನಿಂತಿತು.

“ಇಲ್ಲಿ ಕೊನೇಲಿ ಒಂದು ಎಫ್ ಇದೆ. ನಮ್ಮ ಪುಸ್ತಕದಲ್ಲಿಲ್ಲ.”

ಅಂಗಡಿಯವರು ಬಗ್ಗಿ ನೋಡಿದರು. “ಅಯ್ಯೋ, ಹೌದು ಮೇಡಂ. ಅದನ್ನ ಹಾಕಿದ್ರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗ್ತಿತ್ತು, ಇಲ್ದಿದ್ರೆ ಪರದೆ ಮೇಲೆ ಏನೂ ಬರ್ತಿರಲಿಲ್ಲ” ಎಂದರು. ಅಲ್ಲಿಂದ ಮುಂದೆ ಅವರು ನನ್ನನ್ನು ಬಿಟ್ಟು ಚಿಕ್ಕಮ್ಮನ ಹತ್ತಿರವೇ ಮಾತಾಡತೊಡಗಿದರು. ಹದಿನೈದು ದಿನ ಕಷ್ಟಪಟ್ಟವಳು ನಾನು.

ಮಾನಿಟರಿನ ಪರೀಕ್ಷೆ ಅರ್ಧ ಗಂಟೆ ನಡೆಯಿತು. ಸಣ್ಣ ಅಕ್ಷರದ ಒಂದು ಕನ್ನಡ ಪುಟ ಹಾಕಿಸಿ, ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋಗಿ ಒತ್ತಕ್ಷರಗಳನ್ನು ನೋಡಿದರು. ಮೊದಲನೆಯದರಲ್ಲಿ ಒತ್ತು ಮೆತ್ತಿಕೊಂಡಂತಿದೆ ಎಂದರು. ಎರಡನೆಯದರಲ್ಲಿ ಅಂಗಡಿಯ ಟ್ಯೂಬ್‌ಲೈಟೇ ಕಾಣುತ್ತದೆ ಎಂದರು. ಮೂರನೆಯದನ್ನು ಅಂಗಡಿಯವರು ಎತ್ತಿ ಉದ್ದಕ್ಕೆ ತಿರುಗಿಸಿ ನಿಲ್ಲಿಸಿದರು. ಚಿಕ್ಕಮ್ಮ ಮೇಲಿನ ಸಾಲಿನಿಂದ ಕೊನೆಯ ಸಾಲಿನ ತನಕ ಬೆರಳಾಡಿಸಿಕೊಂಡು ಬಂದರು.

“ಪುಟ ಪೂರ್ತಿ ಕಾಣ್ತಿದೆ ಶೈಲಾ” ಎಂದರು.

ಮೆಟ್ರೋದಲ್ಲಿ ಹೋದವರು ಆಟೋದಲ್ಲಿ ಬಂದೆವು, ಮಾನಿಟರು ಚಿಕ್ಕಮ್ಮನ ತೊಡೆಯ ಮೇಲೆ.

ಕಟ್ಟುವ ಕೆಲಸಕ್ಕೆ ಬುಧವಾರ ನಿಗದಿಯಾಯಿತು. ವಿದ್ಯೆಯ ಕೆಲಸಕ್ಕೆ ಬುಧವಾರ ಶ್ರೇಷ್ಠ, ಆದರೆ ಹನ್ನೆರಡಕ್ಕೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಚಾಲೂ ಆಗಬೇಕು ಎಂದು ಚಿಕ್ಕಮ್ಮನ ಷರತ್ತು. ಒಂಬತ್ತೂವರೆಗೆ ಅವರ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಶುರು ಮಾಡಿದೆ. ಪ್ರೊಸೆಸರನ್ನು ಕೂರಿಸುವಾಗ ಉಸಿರು ಬಿಗಿಹಿಡಿದಿದ್ದೆ. ರ್‍ಯಾಮ್ ಕೂರುವಾಗ ಟಕ್ಕೆಂದು ಸದ್ದು ಬರಬೇಕು, ಬಂತು. ಎಲ್ಲ ಸುಸೂತ್ರ. ವಿಡಿಯೋ ಇಪ್ಪತ್ತು ಸಲ ನೋಡಿದ್ದೆನಲ್ಲ, ಪ್ರತಿಯೊಂದೂ ನನಗೆ ಅರ್ಥವಾಗಿತ್ತು. ಹನ್ನೊಂದೂವರೆಯಾದಾಗ ಮಾತ್ರ ಚಿಕ್ಕಮ್ಮ ಗೋಡೆ ಗಡಿಯಾರದ ಕೆಳಗೆ ಬಂದು ನಿಂತರು. “ಇನ್ನರ್ಧ ಗಂಟೆ ಇದೆ. ಇನ್ನಿಪ್ಪತ್ತು ನಿಮಿಷ ಇದೆ.” ನಾನು ಮಿಕ್ಕ ವೈರುಗಳನ್ನು ತರಾತುರಿಯಲ್ಲಿ ಸಿಕ್ಕಿಸಿ ಪೆಟ್ಟಿಗೆ ಮುಚ್ಚಿದೆ. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ, ದಯವಿಟ್ಟು ಇದನ್ನು ಗಮನಿಸಬೇಕು.

ಹನ್ನೆರಡಕ್ಕೆ ಹದಿನೈದು ನಿಮಿಷ. ಚಿಕ್ಕಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟರು, ಒಂದು ದಾಸವಾಳ ಏರಿಸಿದರು, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು, ಆಮೇಲೆ ಒಂದು ಹಿಡಿ ಅಕ್ಷತೆಯನ್ನು ಧಾರಾಳವಾಗಿ ಮೇಲಿಂದ ಹಾಕಿದರು. ಆ ಪೆಟ್ಟಿಗೆಯ ನೆತ್ತಿಯ ಮೇಲೆ ಬಿಸಿ ಗಾಳಿ ಹೊರಹೋಗಲೆಂದು ಜಾಲರಿಯಿದೆ. ಜಾಲರಿಯ ಕಣ್ಣು ಸಣ್ಣಕ್ಕಿಗೆ ಹೇಳಿ ಮಾಡಿಸಿದ ಅಳತೆ. ಇದು ಯಾವ ವಿಡಿಯೋದಲ್ಲೂ ಇರಲಿಲ್ಲ.

ಸ್ವಿಚ್ಚು ಒತ್ತಿದೆ. ಟರ್ರ್ ಎಂದು ಫ್ಯಾನು ಅಕ್ಷತೆ ಕುಟ್ಟತೊಡಗಿತು. ಆರಿಸಿ, ವೈರು ಕಿತ್ತು, ಪೆಟ್ಟಿಗೆ ಬಿಚ್ಚಿ, ಮೊರದಲ್ಲಿ ಕೇರುವಂತೆ ಆ ಕಡೆ ಈ ಕಡೆ ಓಲಾಡಿಸಿ ಕಾಳು ಉದುರಿಸಿದೆವು. ಉಳಿದವನ್ನು ಚಿಕ್ಕಮ್ಮ ಅಕ್ಕಿ ಆರಿಸಿದ ಅಭ್ಯಾಸದ ಬೆರಳಲ್ಲೇ ಎತ್ತಿದರು. ಮತ್ತೆ ಸ್ವಿಚ್ಚು ಒತ್ತಿದೆ. ಫ್ಯಾನು ಸದ್ದಿಲ್ಲದೆ ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು. ಆರಿಸಿ ಹಚ್ಚಿದೆ, ಕಪ್ಪಗೇ ಇತ್ತು. ಗಡಿಯಾರ ಹನ್ನೆರಡು ಹೊಡೆಯಿತು.

ನನಗೆ ಅಳುವೇ ಬಂತು. ಅಕ್ಷತೆಯಿಂದ ಏನಾದರೂ ಸುಟ್ಟಿತೋ, ನನ್ನ ಕೈಯಿಂದಲೇ ಕೆಟ್ಟಿತೋ ತಿಳಿಯದು. ಗಿರೀಶನ ಗಡುವಿಗೆ ಉಳಿದಿದ್ದುದು ಐದು ವಾರ. ಹೋಗಿ ಹೋಗಿ ಚಿಕ್ಕಮ್ಮನ ಅನ್ನದ ಮೇಲೆ, ಮಾನದ ಮೇಲೆ ನನ್ನ ಚಪಲ ತೀರಿಸಿಕೊಂಡೆನಲ್ಲ ಎಂದು ತಲೆ ತಗ್ಗಿಸಿ ಕೂತೆ.

ಚಿಕ್ಕಮ್ಮ ಮದರ್‌ಬೋರ್ಡಿನ ಜೊತೆ ಬಂದಿದ್ದ ಕೈಪಿಡಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. “ಓದು.”

“ರಾಹುಕಾಲ ಶುರುವಾಯ್ತು ಚಿಕ್ಕಮ್ಮ.”

“ಶುರು ಮಾಡೋಕೆ ರಾಹುಕಾಲ ಆಗಲ್ಲ. ತಿದ್ದೋಕೆ ಯಾವ ಕಾಲವಾದ್ರೂ ಆಗತ್ತೆ. ಓದು.”

ನಾನು ಓದಿದೆ. ಅವರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು, ಕೈಪಿಡಿಯ ಚಿತ್ರವನ್ನೂ ಬೋರ್ಡನ್ನೂ ಸರದಿಯಲ್ಲಿ ನೋಡುತ್ತ ಪೆಟ್ಟಿಗೆಯ ಮೇಲೆ ಬಗ್ಗಿದರು. “ಆ ವೈರು ಗೊತ್ತು, ಸರಿಯಾಗೇ ಹಾಕಿದೀನಿ” ಎಂದು ಒಂದು ಸಾಲು ಹಾರಿಸಲು ಹೋದಾಗ ತಲೆಗೆ ಮೊಟಕಿದರು. ಅರವತ್ತೊಂದನೆಯ ವಯಸ್ಸಿನಲ್ಲಿ. ಏಳನೆಯ ಸಾಲಿಗೋ ಎಂಟನೆಯದಕ್ಕೋ ಪೆನ್ಸಿಲ್ ಬೋರ್ಡಿನ ಮೇಲ್ಮೂಲೆಯಲ್ಲಿ ನಿಂತಿತು.

“ಚಿತ್ರದಲ್ಲಿ ಇಲ್ಲಿಗೊಂದು ವೈರು ಬಂದಿದೆ. ಎಂಟು ತೂತು. ನೀನು ಖಾಲಿ ಬಿಟ್ಟಿದ್ದೀಯ.”

ಪ್ರೊಸೆಸರಿಗೆ ಕರೆಂಟು ಕೊಡುವ ವೈರು! ಕಟ್ಟು ಕೂಡ ಬಿಚ್ಚದೆ, ಅದು ಪೆಟ್ಟಿಗೆಯ ಹಿಂಬದಿಯಲ್ಲಿ ಆರಾಮವಾಗಿ ಮಲಗಿತ್ತು. ಎಲ್ಲ ಅರ್ಥವಾಗಿದೆಯೆಂದುಕೊಂಡಿದ್ದ ನನಗೆ ಅದು ಕಂಡಿರಲಿಲ್ಲ, ಏನೂ ಅರ್ಥವಾಗದ ಚಿಕ್ಕಮ್ಮನಿಗೆ ಕಂಡಿತು. ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು. ನಾವಿಬ್ಬರೂ ಒಟ್ಟಿಗೆ ಕೂಗಿದ ಕೂಗಿಗೆ ಮಹಡಿ ಮನೆಯವರು ಇಳಿದು ಬಂದರು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅನ್ನಲಿ. ಆ ಕರಿಯ ಪೆಟ್ಟಿಗೆಯನ್ನು ನೋಡಿದಾಗ ನನಗಾದ ಹೆಮ್ಮೆ ನನ್ನ ಶಾಲೆಯ ಮಕ್ಕಳು ಗಣಿತದಲ್ಲಿ ನೂರಕ್ಕೆ ನೂರು ತೆಗೆದಾಗಲೂ ಆಗಿರಲಿಲ್ಲ. ಬಂದವರಿಗೆಲ್ಲ ಪಕ್ಕದ ಬಾಗಿಲು ಬಿಚ್ಚಿ ತೋರಿಸುತ್ತಿದ್ದೆ. ಕೊನೆಗೆ ಚಿಕ್ಕಮ್ಮ ಅದರ ಮೇಲೊಂದು ಕ್ರೋಶಾ ಬಟ್ಟೆ ಹಾಸಿ, ಇನ್ನು ಮುಟ್ಟಬೇಡ ಎಂದರು.

ಮುಂದಿನ ನಾಲ್ಕು ವಾರ ಅವರು ಕಲಿತರು. ಮೌಸು ಮೊದಮೊದಲು ಮೇಜಿನಿಂದ ಬೀಳುತ್ತಿತ್ತು. ಕನ್ನಡ ಟೈಪು ಮಾಡಲು ಕೀಲಿಮಣೆಯ ನಕ್ಷೆ ಬರೆದು ಗೋಡೆಗೆ ಅಂಟಿಸಿಕೊಂಡರು. ತಪ್ಪಿನ ಮೇಲೆ ಹಳದಿ ಬಳಿದು ಪಕ್ಕದಲ್ಲಿ ಟಿಪ್ಪಣಿ ಬರೆಯುವುದು ಬಂದ ದಿನ ನನಗೆ ಫೋನು ಮಾಡಿ, “ಪೆನ್ಸಿಲ್ ಚೂಪು ಮಾಡೋ ಕೆಲಸ ಉಳೀತು ಕಣೆ” ಎಂದರು. ಗಿರೀಶ ತಾರಸಿಯಲ್ಲಿ ತರಕಾರಿ ಬೆಳೆಯುವುದರ ಬಗ್ಗೆ ಇಪ್ಪತ್ತನಾಲ್ಕು ಪುಟದ ಒಂದು ಪುಸ್ತಿಕೆ ಕಳಿಸಿದ. ಚಿಕ್ಕಮ್ಮ ಮೂರು ದಿನ ಅದನ್ನು ಓದಿ, ತಿದ್ದಿ, ತಾವೇ ಗುಂಡಿ ಒತ್ತಿ ಕಳಿಸಿದರು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನ ಫೋನು ಬಂತು. ನಾನು ಚಿಕ್ಕಮ್ಮನ ಕುರ್ಚಿಯಲ್ಲಿ ಕೂತು ಕಂಪ್ಯೂಟರಿಗೆ ಅದೇನೋ ಅಪ್‌ಡೇಟ್ ಹಾಕುತ್ತಿದ್ದೆ. ಅವರು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು.

“ಅಮ್ಮ, ನಾವು ಇಬ್ಬರು ನೋಡಿ ಸರಿಯಿದೆ ಅಂತ ಬಿಟ್ಟಿದ್ವಿ. ನೀವು ಪುಟಕ್ಕೆರಡು ತಪ್ಪು ಹಿಡಿದಿದ್ದೀರಲ್ಲಾ!” ಎಂದ ಗಿರೀಶ. ಆಮೇಲೆ ಕೇಳಿದ. “ಬೇಜಾರ್ ಮಾಡ್ಕೋಬೇಡಿ, ಮನೇಲಿ ಯಾರಾದ್ರೂ ಹುಡುಗ್ರು ಕೂತು ಮಾಡ್ಕೊಟ್ರಾ?”

ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಕೈ ಅಡ್ಡ ಹಿಡಿದರು.

“ಇಲ್ಲಿ ಹುಡುಗ್ರು ಯಾರೂ ಇಲ್ಲಪ್ಪ. ಕಂಪ್ಯೂಟರ್ ಕಟ್ಟಿದ್ದು ನಮ್ಮ ಶೈಲಾ. ತಪ್ಪು ಹಿಡಿದಿದ್ದು ನಾನು.”

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು.

“ಒಂದು ಕಾದಂಬರಿ ಇದೆ ಅಮ್ಮ. ಮುನ್ನೂರ ನಲವತ್ತು ಪುಟ. ಕಳಿಸ್ಲಾ?”

“ಕಳ್ಸು.”

ಫೋನಿಟ್ಟರು. ನನ್ನ ಕಣ್ಣು ತುಂಬಿ ಬಂದಿತ್ತು. ಏನಾದರೂ ಹೇಳಬೇಕೆಂದು ಅವರ ಕೈ ಹಿಡಿದುಕೊಂಡೆ. ಚಿಕ್ಕಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು, ಕನ್ನಡಕ ಏರಿಸಿ, ಕುರ್ಚಿಯ ಬೆನ್ನು ತಟ್ಟಿದರು.

“ಏಳೇ ಶೈಲಾ, ಜಾಗ ಬಿಡು. ನಂಗೆ ಕೆಲಸ ಇದೆ.”